ಹವಳದ ತಾಳಿಕೆ ನೋಡುವುದು ಹೇಗೆ? ಬಿಸಿ, ಉಪ್ಪು ಮತ್ತು ಕರೆಂಟ್ ಕಟ್

ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಮದುವೆಗೆಂದು ಊರಿಗೆ ಹೋಗಿದ್ದೆ. ಬೆಂಗಳೂರಿನ ಮನೆಗೆ ಬೀಗ. ಮೂರನೇ ದಿನ ಬಂದು ಬಾಗಿಲು ತೆಗೆದರೆ ಮೀನು ಮಾರ್ಕೆಟ್ಟಿನ ವಾಸನೆ. ನೀರು ತಂಪಾಗಿಡುವ ಚಿಲ್ಲರ್‌ನ ಎಂಸಿಬಿ ಸ್ವಿಚ್ ಬಿದ್ದಿತ್ತು. ಹವಳ ಸಾಕಿದ್ದ ಉಪ್ಪುನೀರಿನ ಟ್ಯಾಂಕು 32.5 ಡಿಗ್ರಿ. ಜೀನಿಯಾ ಎಂಬ ಮೆತ್ತಗಿನ ಹವಳ ಪೂರ್ತಿ ಕರಗಿ, ಗಂಜಿಯ ತೆಳಿ ಥರ ಕಲ್ಲಿನ ಸಂದಿಯಲ್ಲಿ ನಿಂತಿತ್ತು. ಅದಕ್ಕೆ ನಾಲ್ಕು ಬೆರಳು ದೂರದಲ್ಲಿದ್ದ ಜೋವಾ ಎಂಬ ಇನ್ನೊಂದು ಬಗೆಯವು ಬಾಯಿ ಮುಚ್ಚಿಕೊಂಡು ಕೂತಿದ್ದವು. ಸತ್ತವು ಅಂದುಕೊಂಡೆ. ಐದನೇ ದಿನ ಒಂದೊಂದಾಗಿ ಅರಳಿದವು.

ಒಂದೇ ನೀರು, ಒಂದೇ ಬೆಳಕು. ಒಂದು ಹೋಯಿತು, ಇನ್ನೊಂದು ಉಳಿಯಿತು. ಅಂಗಡಿಯಲ್ಲಿ ಎರಡನ್ನೂ "ತುಂಬಾ ಹಾರ್ಡಿ ಸರ್" ಅಂತಲೇ ಕೊಟ್ಟಿದ್ದರು. ಯಾವುದಕ್ಕೆ ಹಾರ್ಡಿ ಅಂತ ನಾನೂ ಕೇಳಿರಲಿಲ್ಲ. ಬಿಸಿ ತಡೆಯುವ ಹವಳ ಉಪ್ಪು ಏರುಪೇರಾದರೆ ಸೋಲಬಹುದು. ಉಪ್ಪು ತಡೆಯುವುದು ರಾತ್ರಿ ಪಂಪ್ ನಿಂತರೆ ಉಸಿರುಗಟ್ಟಬಹುದು. ಅದಕ್ಕೇ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಕಷ್ಟದ ದಿನ ಹವಳ ಹೇಗೆ ಕಂಡಿತು ಅನ್ನುವುದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಕಷ್ಟ ಮುಗಿದ ಮೇಲೆ ಮೊದಲಿನಂತಾಗಲು ಎಷ್ಟು ದಿನ ತೆಗೆದುಕೊಂಡಿತು, ಅದೇ ಅಳತೆ.

ಕೆಳಗಿರುವುದು ನಾನು ಮನೆಯಲ್ಲಿ ಮಾಡುವ ವಿಧಾನ. ಬಿಸಿಯ ಪರೀಕ್ಷೆಯೊಂದಕ್ಕೇ ಒಂದೂವರೆ ತಿಂಗಳ ಕೆಲಸ, ಆಮೇಲೆ ನಾಲ್ಕು ವಾರದ ಕಾವಲು. ಆತುರ ಇದ್ದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಯಾವ ಹವಳ, ಯಾವುದು ಬೇಡ

ಮೊದಲು ಕಾನೂನಿನ ಮಾತು. ಕಲ್ಲಿನ ಅಸ್ಥಿ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಸೀ ಫ್ಯಾನ್, ಆರ್ಗನ್ ಪೈಪ್ ಹವಳ ಇವೆಲ್ಲ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ. 2001ರಲ್ಲೇ ಸೇರಿಸಿದರು. ಹುಲಿಗೆ ಇರುವಷ್ಟೇ ರಕ್ಷಣೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರು "ಸಣ್ಣ ತುಂಡು ತಾನೇ" ಅಂತ ಎತ್ತಿಕೊಂಡು ಬರುವ ಹಾಗಿಲ್ಲ. ದಡಕ್ಕೆ ಬಿದ್ದ ಸತ್ತ ತುಂಡನ್ನೂ ಮುಟ್ಟಬೇಡಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಫಾರ್ಮಿನಲ್ಲಿ ಬೆಳೆಸಿದ ಗಟ್ಟಿ ಹವಳ ಸುಲಭವಾಗಿ ಸಿಗುತ್ತದೆ. ಅವರು ಇದೇ ವಿಧಾನವನ್ನು ಅದಕ್ಕೂ ಬಳಸಬಹುದು, ಆದರೆ ಬಿಸಿಯನ್ನು ಒಂದು ಡಿಗ್ರಿ ಕಡಿಮೆ ಇಟ್ಟುಕೊಳ್ಳಿ.

ಇಲ್ಲಿರುವ ನಮಗೆ ಉಳಿಯುವುದು ಮೆತ್ತಗಿನವು. ಮಶ್ರೂಮ್, ಜೋವಾ, ಲೆದರ್, ಜೀನಿಯಾ. ಅದರಲ್ಲೂ ಬಿಲ್ ಕೊಡುವ ಅಂಗಡಿಯಿಂದ ತಂದು, ನಿಮ್ಮ ಟ್ಯಾಂಕಿನಲ್ಲೇ ಕನಿಷ್ಠ ಆರು ತಿಂಗಳು ಇದ್ದು, ಹೆಚ್ಚಿಕೊಂಡಿರಬೇಕು. ಮೊನ್ನೆ ತಂದ ಹವಳ ಪ್ರಯಾಣದ ಸುಸ್ತಿನಲ್ಲೇ ಇರುತ್ತದೆ. ಅದನ್ನು ಪರೀಕ್ಷೆಗೆ ಹಾಕಿದರೆ ನೀವು ಅಳೆಯುವುದು ಆ ಸುಸ್ತನ್ನು.

ಮೊದಲ ಸಲ ಮಾಡುವವರಿಗೆ ಮಶ್ರೂಮ್ ಒಳ್ಳೆಯದು. ಜೋವಾದಲ್ಲಿ ಒಂದು ಅಪಾಯ ಇದೆ. ಅದರ ಹತ್ತಿರದ ಸಂಬಂಧಿ ಪಾಲಿಥೋವಾದಲ್ಲೂ, ಕೆಲವು ಜೋವಾಗಳಲ್ಲೂ ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಕತ್ತರಿಸುವಾಗ ರಸ ಕಣ್ಣಿಗೆ ಹಾರಬಹುದು, ಕೈಯ ಗಾಯಕ್ಕೆ ಇಳಿಯಬಹುದು. ಗ್ಲೌಸ್, ಕನ್ನಡಕ, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಕತ್ತರಿಸುವುದನ್ನು ನೀರಿನೊಳಗೇ ಮಾಡಿ. ಜೋವಾ ಅಂಟಿದ ಕಲ್ಲನ್ನು ಸ್ವಚ್ಛ ಮಾಡಲು ಬಿಸಿನೀರು ಸುರಿಯುವುದು, ಕುದಿಸುವುದು ಯಾವತ್ತೂ ಬೇಡ. ಹಾಗೆ ಮಾಡಿ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ.

ಒಂದೇ ತಾಯಿಯ ಆರು ಮಕ್ಕಳು

ಒಂದೇ ಕಾಲೊನಿಯಿಂದ ಆರು ತುಂಡು ಮಾಡಿ. ನಾವು ಹವ್ಯಾಸಿಗಳು ಇದನ್ನು ಫ್ರ್ಯಾಗ್ ಅನ್ನುತ್ತೇವೆ. ಮೂರು ತುಂಡು ಪರೀಕ್ಷೆಗೆ, ಉಳಿದ ಮೂರು, ಕಷ್ಟ ಕೊಡದೆ, ಹೋಲಿಕೆಗೆ. ಒಂದೇ ತಾಯಿ ಯಾಕೆ? ತುಂಡುಗಳೆಲ್ಲ ಒಂದೇ ಜೀವದ ನಕಲುಗಳು. ಆಮೇಲೆ ವ್ಯತ್ಯಾಸ ಕಂಡರೆ ಅದು ನೀರಿನಿಂದ ಬಂದದ್ದು, ಹುಟ್ಟಿನಿಂದಲ್ಲ.

ಹೋಲಿಕೆಯ ಮೂರು ತುಂಡು ಬಿಟ್ಟುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ನನಗೂ ಆಗಿತ್ತು. ಮೊದಲ ಸಲ ಬರೀ ಬಿಸಿ ಡಬ್ಬಿ ಇಟ್ಟು, ಮಶ್ರೂಮ್ ಮುದುಡಿದ್ದನ್ನು ನೋಡಿ "30 ಡಿಗ್ರಿ ತಡೆಯಲ್ಲ" ಅಂತ ದೊಡ್ಡದಾಗಿ ಬರೆದಿಟ್ಟೆ. ಎರಡನೇ ಸಲ 26 ಡಿಗ್ರಿಯ ಡಬ್ಬಿಯನ್ನೂ ಪಕ್ಕದಲ್ಲಿಟ್ಟರೆ ಅದರಲ್ಲೂ ಮುದುಡಿದವು. ತಪ್ಪು ಬಿಸಿಯದ್ದಲ್ಲ, ಹೊಸ ಡಬ್ಬಿಯದ್ದು. ಸರಿಯಾಗಿ ತೊಳೆದಿರಲಿಲ್ಲ.

ಕತ್ತರಿಸಿದ ಮೇಲೆ ಮೂರು ವಾರ ದೊಡ್ಡ ಟ್ಯಾಂಕಿನಲ್ಲೇ ಬಿಡಿ. ಗಾಯ ಮಾಯಬೇಕು, ಪ್ಲಗ್‌ಗೆ, ಅಂದರೆ ಅಡಿಗಿಟ್ಟ ಚಿಕ್ಕ ಬಿಲ್ಲೆಗೆ, ಅಂಟಿಕೊಳ್ಳಬೇಕು. ಪ್ಲಗ್ಗಿನ ಅಡಿಗೆ ಪೆನ್ಸಿಲ್‌ನಿಂದ ನಂಬರ್ ಬರೆಯಿರಿ. ಮಾರ್ಕರ್ ಶಾಯಿ ಬೇಡ.

ಎರಡು ಡಬ್ಬಿ, ಒಂದು ದೀಪ

ದೊಡ್ಡ ಟ್ಯಾಂಕಿನಲ್ಲಿ ಪರೀಕ್ಷೆ ಮಾಡಬೇಡಿ. ಒಂದು ಸತ್ತರೆ ಅದು ಕೊಳೆತು ಉಳಿದವನ್ನೂ ಕರೆದುಕೊಂಡು ಹೋಗುತ್ತದೆ. 15 ಲೀಟರ್ ಹಿಡಿಯುವ ಎರಡು ಪ್ಲಾಸ್ಟಿಕ್ ಡಬ್ಬಿ ಸಾಕು. ಅಡುಗೆಮನೆಯಲ್ಲಿ ಹಿಟ್ಟು ತುಂಬುವಂಥವು. ಹೊಸದನ್ನು ಸೋಪಿಲ್ಲದೆ ತೊಳೆದು ಎರಡು ದಿನ ನೀರು ತುಂಬಿಟ್ಟು ಚೆಲ್ಲಿ. ಎರಡಕ್ಕೂ ದೊಡ್ಡ ಟ್ಯಾಂಕಿನ ನೀರನ್ನೇ ಹಾಕಿ. ಎರಡರಲ್ಲೂ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್, ಎರಡರಲ್ಲೂ 50 ವ್ಯಾಟಿನ ಹೀಟರ್. ಒಂದೇ ಎಲ್‌ಇಡಿ ದೀಪ ಎರಡರ ಮೇಲೂ ಸಮನಾಗಿ ಬೀಳಲಿ. ಬೆಳಕು ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ. ಅದಕ್ಕೆ ಮೂರು ದಿನಕ್ಕೊಮ್ಮೆ ಡಬ್ಬಿಗಳ ಜಾಗ ಅದಲು ಬದಲು ಮಾಡಿ.

ಹೀಟರ್ ಒಳಗಿನ ಥರ್ಮೋಸ್ಟಾಟ್ ಒಂದೆರಡು ಡಿಗ್ರಿ ಸುಳ್ಳು ಹೇಳುವುದು ಮಾಮೂಲಿ. ಎಸ್‌ಟಿಸಿ 1000 ಥರದ ಕಂಟ್ರೋಲರ್ ಹಾಕಿ. ಕೋಳಿ ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಹಾಕುತ್ತಾರಲ್ಲ, ಅದೇ. ಅದರ ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಉಪ್ಪುನೀರು ಮತ್ತು 230 ವೋಲ್ಟ್ ಒಂದೇ ಮೇಜಿನ ಮೇಲಿವೆ, ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಇರುವ ಪಾಯಿಂಟನ್ನೇ ಬಳಸಿ. ಇನ್ನೊಂದು ಉಪಾಯ. ಕಂಟ್ರೋಲರ್ ಕೈಕೊಟ್ಟರೆ ಹೀಟರ್ ಉರಿಯುತ್ತಲೇ ಇರುತ್ತದೆ, ಬೆಳಿಗ್ಗೆ ಎದ್ದರೆ ಹವಳದ ಸಾರು. ಹಾಗಾಗಿ ಹೀಟರ್‌ನ ಸ್ವಂತ ಗುಂಡಿಯನ್ನೂ ನಿಮ್ಮ ಗುರಿಗಿಂತ ಒಂದು ಡಿಗ್ರಿ ಮೇಲೆ ನಿಲ್ಲಿಸಿಡಿ. ಎರಡು ಬೀಗ ಹಾಕಿದ ಹಾಗೆ.

ಕಾಲ ಯಾವುದು? ಡಿಸೆಂಬರ್, ಜನವರಿ. ಬಿಸಿ ಪರೀಕ್ಷೆಗೆ ಚಳಿಗಾಲ ಅಂದರೆ ವಿಚಿತ್ರ ಅನ್ನಿಸಬಹುದು. ಆದರೆ ಕಷ್ಟ ಇರುವುದು ಹೋಲಿಕೆಯ ಡಬ್ಬಿಯನ್ನು 26ರಲ್ಲಿ ಹಿಡಿದಿಡುವುದು. ಬೆಂಗಳೂರಿನ ಚಳಿಗೆ ಎರಡು ಹೀಟರ್‌ನಲ್ಲಿ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಅದೇ ಕೆಲಸಕ್ಕೆ ಚಿಲ್ಲರ್ ಬೇಕು. ಮಂಗಳೂರು, ಉಡುಪಿ ಕಡೆಯವರಿಗೆ ಚಳಿಗಾಲದಲ್ಲೂ ಎಸಿ ರೂಮು ಬೇಕಾಗಬಹುದು.

ಮೊದಲ ವಾರ ಸುಮ್ನೆ ನೋಡಿ

ಎರಡೂ ಡಬ್ಬಿ 26 ಡಿಗ್ರಿಯಲ್ಲಿ, ಉಪ್ಪು 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು), ಅಂದರೆ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 1.026. ಏಳು ದಿನ ಏನೂ ಮಾಡಬೇಡಿ. ದಿನಾ ಒಂದೇ ಹೊತ್ತಿಗೆ, ದೀಪ ಹೊತ್ತಿ ಎರಡು ಗಂಟೆಯಾದ ಮೇಲೆ, ನೋಟ್‌ಬುಕ್ ತೆಗೆಯಿರಿ. ಜೋವಾ ಆದರೆ ಎಷ್ಟು ಪಾಲಿಪ್, ಅಂದರೆ ಹೂವಿನಂಥ ಬಾಯಿಗಳು, ಅರಳಿವೆ ಎಣಿಸಿ. ಮಶ್ರೂಮ್ ಆದರೆ ಅಗಲ ಎಷ್ಟು ಮಿಲಿಮೀಟರ್ ಅಂತ ಡಬ್ಬಿಯ ಹೊರಗಿನಿಂದ ಸ್ಕೇಲ್ ಹಿಡಿದು ನೋಡಿ. ಆಮೇಲೆ ಪಿಪೆಟ್‌ನಿಂದ ಮೆಲ್ಲಗೆ ನೀರು ಊದಿ. ಆರೋಗ್ಯವಾಗಿರುವುದು ತಕ್ಷಣ ಮುದುಡಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಎಷ್ಟು ನಿಮಿಷ ಅಂತ ಬರೆದುಕೊಳ್ಳಿ. ಮುಂದೆ ಈ ನಿಮಿಷಗಳೇ ನಿಮಗೆ ಜಾಸ್ತಿ ಹೇಳುತ್ತವೆ.

ಫೋಟೋ ತೆಗೆಯುವಾಗ ನೀಲಿ ದೀಪ ಆರಿಸಿ, ಬಿಳಿ ಟಾರ್ಚ್ ಹಾಕಿ. ಪಕ್ಕದಲ್ಲಿ ಬಿಳಿ ಪಿವಿಸಿ ಪೈಪಿನ ತುಂಡೊಂದು ಯಾವಾಗಲೂ ಇರಲಿ, ಬಣ್ಣ ಹೋಲಿಸಲು. ನೀಲಿ ಬೆಳಕಿನಲ್ಲಿ ಸಾಯುತ್ತಿರುವ ಹವಳವೂ ಹಬ್ಬದ ಸೀರಿಯಲ್ ಸೆಟ್ ಥರ ಹೊಳೆಯುತ್ತದೆ, ನಂಬಬೇಡಿ. ಗಟ್ಟಿ ಹವಳಕ್ಕಾದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್‌ನವರ ಬಣ್ಣದ ಚಾರ್ಟ್ ಇದೆ. 1ರಿಂದ 6ರವರೆಗೆ ಅಂಕ. ಎರಡು ಅಂಕ ಇಳಿದರೆ ಹವಳದೊಳಗಿನ ಪಾಚಿ ಗಣನೀಯವಾಗಿ ಕಡಿಮೆಯಾಗಿದೆ ಎಂದರ್ಥ. ನಮ್ಮ ಜೋವಾ, ಮಶ್ರೂಮ್‌ಗಳಿಗೆ ಅದು ಸರಿಹೊಂದುವುದಿಲ್ಲ. ಇವುಗಳಿಗೆ ಒಳಗೆ ಬಿಳಿ ಅಸ್ಥಿಯೇ ಇಲ್ಲವಲ್ಲ! ಇವು ಬೆಳ್ಳಗಾಗುವ ಬದಲು ತೆಳುವಾಗುತ್ತವೆ, ಗಾಜಿನ ಹಾಗೆ ಆಚೆಕಡೆ ಕಾಣಿಸತೊಡಗುತ್ತದೆ.

ಅಮ್ಮ ಒಂದು ದಿನ ಹಿಂದೆ ನಿಂತು ನೋಡಿ, "ಕಲ್ಲಿಗೆ ಥರ್ಮಾಮೀಟರ್ ಇಟ್ಟುಕೊಂಡು ಕೂತಿದ್ದೀಯಲ್ಲೋ, ನಿನಗೇ ಜ್ವರ ಬಂದಿಲ್ಲ ತಾನೇ" ಅಂದರು. ಅವರಿಗೆ ಹವಳ ಅಂದರೆ ಕೊರಳಿನ ಸರ. ಅದೂ ಹವಳವೇ, ಜಾತಿ ಬೇರೆ.

ಬಿಸಿ

ಬಿಸಿಗೆ ಹವಳ ಸೋಲುವುದು ಹೀಗೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಿದೆ. ಬೆಳಕಿನಿಂದ ಸಕ್ಕರೆ ಮಾಡಿ ಬಾಡಿಗೆ ಕಟ್ಟುತ್ತದೆ. ನೀರು ಬಿಸಿಯಾದಾಗ ಆ ಪಾಚಿಯ ಯಂತ್ರ ಕೆಟ್ಟು, ಸಕ್ಕರೆಯ ಜೊತೆಗೆ ಜೀವಕೋಶ ಸುಡುವ ತೀಕ್ಷ್ಣ ಆಮ್ಲಜನಕದ ಅಣುಗಳನ್ನೂ ಕಾರತೊಡಗುತ್ತದೆ. ಹವಳ ಅದನ್ನು ಹೊರಹಾಕುತ್ತದೆ. ಬಾಡಿಗೆದಾರ ಹೋದ, ಅನ್ನವೂ ಹೋಯಿತು, ಬಣ್ಣವೂ ಹೋಯಿತು. ಹವಳ ಬಿಳಿಚುವುದು ಅಂದರೆ ಇದೇ. ಬೆಳಕು ಜಾಸ್ತಿಯಿದ್ದಷ್ಟೂ ಇದು ಬೇಗ ಆಗುತ್ತದೆ.

ಎಷ್ಟು ಬಿಸಿ, ಎಷ್ಟು ದಿನ? ಅಮೆರಿಕದ ಸಮುದ್ರ, ಹವಾಮಾನ ನೋಡಿಕೊಳ್ಳುವ ನೋವಾ ಸಂಸ್ಥೆ ಸಮುದ್ರದ ಹವಳಗಳಿಗೆ ಒಂದು ಲೆಕ್ಕ ಇಟ್ಟಿದೆ. ಆ ಜಾಗದ ವರ್ಷದ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿಯೋ ಅದಕ್ಕಿಂತ ಜಾಸ್ತಿಯೋ ಏರಿದ್ದನ್ನು ವಾರಗಳಿಂದ ಗುಣಿಸುವುದು. 1 ಡಿಗ್ರಿ ನಾಲ್ಕು ವಾರ ಇದ್ದರೆ 4. 2 ಡಿಗ್ರಿ ಎರಡು ವಾರ ಇದ್ದರೂ 4. ಮೊತ್ತ 4 ದಾಟಿದರೆ ಬಿಳಿಚುವುದು ಶುರು, 8 ದಾಟಿದರೆ ಸಾವು. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹವಳಗಳು ಬಿಳಿಚಿದ್ದು ಇಂಥ ಬಿಸಿಗೇ. ಟ್ಯಾಂಕಿಗೆ ಈ ಲೆಕ್ಕ ಕರಾರುವಾಕ್ಕಾಗಿ ಹೊಂದುವುದಿಲ್ಲ, ಆದರೆ ಕುರುಡಾಗಿ ಬಿಸಿ ಮಾಡುವುದಕ್ಕಿಂತ ಎಷ್ಟೋ ಮೇಲು.

ನನ್ನ ಟ್ಯಾಂಕು ಬೇಸಿಗೆಯಲ್ಲಿ 27 ಮುಟ್ಟುತ್ತದೆ. ಅದೇ ನನ್ನ ಗೆರೆ. ಪರೀಕ್ಷೆಯ ಡಬ್ಬಿಯನ್ನು ದಿನಕ್ಕೆ 1 ಡಿಗ್ರಿಯಂತೆ 26ರಿಂದ ಏರಿಸಿ. ಐದನೇ ದಿನಕ್ಕೆ 31. ಆ ದಿನವೂ ಸೇರಿ ಏಳು ದಿನ ಅಲ್ಲೇ ನಿಲ್ಲಿಸಿ. ಆಮೇಲೆ ಅದೇ ಲೆಕ್ಕದಲ್ಲಿ ಇಳಿಸಿ. 16ನೇ ದಿನ ಮತ್ತೆ 26. ಗೆರೆಯಿಂದ ಮೇಲೆ 4 ಡಿಗ್ರಿ ಒಂದು ವಾರ, ಹತ್ತಿ ಇಳಿದ ದಿನಗಳನ್ನೂ ಸೇರಿಸಿದರೆ ಮೊತ್ತ 6ರ ಹತ್ತಿರ ಬರುತ್ತದೆ. ಕಷ್ಟ ಕೊಡುತ್ತದೆ, ಸಾಮಾನ್ಯವಾಗಿ ಕೊಲ್ಲುವುದಿಲ್ಲ. ನಿಮ್ಮ ಟ್ಯಾಂಕಿನ ಬೇಸಿಗೆ ಗೆರೆ 29 ಇದ್ದರೆ ಗುರಿಯನ್ನೂ ಅಷ್ಟೇ, ಅಂದರೆ ಎರಡು ಡಿಗ್ರಿ, ಏರಿಸಬೇಕು. ಪರ್ಷಿಯನ್ ಕೊಲ್ಲಿಯ ಹವಳಗಳು ಬೇಸಿಗೆಯಲ್ಲಿ 35 ಡಿಗ್ರಿ ಕಂಡವು. ಅವಕ್ಕೆ 31 ಅಂದರೆ ಸಂಜೆಯ ವಾಕಿಂಗ್.

ಈ 16 ದಿನ ಎರಡು ಕೆಲಸ ತಪ್ಪಿಸಬೇಡಿ. ಬಿಸಿ ಡಬ್ಬಿಯಲ್ಲಿ ನೀರು ಬೇಗ ಆರುತ್ತದೆ. 15 ಲೀಟರ್‌ನಲ್ಲಿ ಒಂದೇ ಲೀಟರ್ ಆರಿದರೂ 35 ಇದ್ದ ಉಪ್ಪು 37.5 ಆಗುತ್ತದೆ. ಆಗ ನೀವು ಬಿಸಿಯನ್ನೂ ಉಪ್ಪನ್ನೂ ಒಟ್ಟಿಗೆ ಪರೀಕ್ಷೆ ಮಾಡಿದಂತಾಯಿತು. ಡಬ್ಬಿಗೆ ಟೇಪಿನಿಂದ ಗೆರೆ ಹಾಕಿ, ಬೆಳಿಗ್ಗೆ ಸಂಜೆ ಆರ್‌ಓ ನೀರು ಗೆರೆಯವರೆಗೆ ತುಂಬಿ. ಎರಡನೆಯದು, ದಿನ ಬಿಟ್ಟು ದಿನ 3 ಲೀಟರ್ ನೀರು ಬದಲಿಸಿ. ಹೊಸ ನೀರನ್ನು ಅದೇ ಬಿಸಿಗೆ ತಂದು ಹಾಕಿ. ಹೋಲಿಕೆಯ ಡಬ್ಬಿಗೂ ಅಷ್ಟೇ ಬದಲಿಸಿ.

ನನ್ನ ನೋಟ್‌ಬುಕ್ಕಿನಿಂದ ಜೋವಾದ ಕಥೆ. 31 ಡಿಗ್ರಿಯ ಮೂರನೇ ದಿನದವರೆಗೆ ಏನೂ ಇಲ್ಲ, ಒಂದು ತುಂಡಿನ 14 ಪಾಲಿಪ್‌ಗಳಲ್ಲಿ 14 ಅರಳಿದ್ದವು. ಭಲೇ ಅಂದುಕೊಂಡೆ. ಆದರೆ ಪಿಪೆಟ್ ಊದಿದರೆ ಮೊದಲು ಎರಡು ನಿಮಿಷಕ್ಕೆ ಬಿಚ್ಚಿಕೊಳ್ಳುತ್ತಿದ್ದವು ಈಗ ಹನ್ನೊಂದು ನಿಮಿಷ. ಆರನೇ ದಿನ ಬೆಳಿಗ್ಗೆ ದೀಪ ಹಾಕಿದರೆ 5 ಮಾತ್ರ ಅರಳಿವೆ. ಉಳಿದವು ಒಣ ಮೆಣಸಿನಕಾಯಿ ತೊಟ್ಟಿನ ಥರ ಗಟ್ಟಿಯಾಗಿ ನಿಂತಿವೆ, ಒಂದರ ಬಾಯಿಂದ ಕಂದು ಬಣ್ಣದ ನೂಲಿನಂಥ ಲೋಳೆ ಇಳಿಬಿದ್ದಿದೆ. ಆ ಕಂದು ಅಂದರೆ ಹೊರಹಾಕಿದ ಪಾಚಿ. 26ಕ್ಕೆ ಇಳಿಸಿದ ಮೇಲೂ ನಾಲ್ಕು ದಿನ ಹಾಗೇ ಇತ್ತು. 14ಕ್ಕೆ 14 ಅರಳಲು 12 ದಿನ ಬೇಕಾಯಿತು. ಬಣ್ಣ ಮರಳಲು ಇನ್ನೂ ಮೂರು ವಾರ. ನಾನು ಬರೆದುಕೊಂಡ ಅಂಕ 12. ಮಶ್ರೂಮ್‌ಗೆ 4. ಮೂರನೇ ದಿನವೇ ನಿಲ್ಲಿಸಿದ್ದರೆ ಎರಡೂ ಒಂದೇ ಅನ್ನಿಸುತ್ತಿತ್ತು.

ಲೆದರ್ ವಿಷಯದಲ್ಲಿ ಮೋಸ ಹೋಗಬೇಡಿ. ಅದು ಆರೋಗ್ಯವಾಗಿದ್ದಾಗಲೂ ಆಗಾಗ ವಾರಗಟ್ಟಲೆ ಮುದುಡಿ, ಮೇಣದಂಥ ಪೊರೆ ಕಳಚುತ್ತದೆ. ಹೋಲಿಕೆಯ ತುಂಡುಗಳೂ ಅದನ್ನೇ ಮಾಡುತ್ತಿದ್ದರೆ ಚಿಂತೆಯಿಲ್ಲ.

ವಿಜ್ಞಾನಿಗಳು ಇದನ್ನು 18 ಗಂಟೆಯಲ್ಲಿ ಮುಗಿಸುವ ದಾರಿಯೂ ಇದೆ. ಸೀಬಾಸ್ ಅನ್ನುತ್ತಾರೆ. ನಾಲ್ಕು ತೊಟ್ಟಿ, ಮಾಮೂಲಿ ಬಿಸಿ, ಅದಕ್ಕಿಂತ 3, 6, 9 ಡಿಗ್ರಿ ಜಾಸ್ತಿ. ಮೂರು ಗಂಟೆ ಏರಿಸಿ, ಮೂರು ಗಂಟೆ ಹಿಡಿದು, ಇಳಿಸಿ, ರಾತ್ರಿ ಬಿಟ್ಟು, ಪಾಚಿಯ ಆರೋಗ್ಯವನ್ನು ಬೆಳಕಿನ ಯಂತ್ರದಿಂದ ಅಳೆಯುತ್ತಾರೆ. ಆ ಯಂತ್ರ ಇಲ್ಲದೆ ನಾವು ಅದನ್ನು ಅನುಕರಿಸಿದರೆ ಉಳಿಯುವುದು ಸತ್ತ ಹವಳ ಮಾತ್ರ. ಬೇಡ.

ಉಪ್ಪು

ಇದು ಚಿಕ್ಕ ಪರೀಕ್ಷೆ. ಆರಿದ ನೀರನ್ನು ತಾನೇ ತುಂಬುವ ಆಟೋ ಟಾಪ್‌ಅಪ್ ಸಿಕ್ಕಿಹಾಕಿಕೊಂಡು ಟ್ಯಾಂಕಿಗೆ ಸಿಹಿನೀರು ನುಗ್ಗಿದರೆ ಏನಾಗುತ್ತದೆ ಅನ್ನುವುದಕ್ಕೆ. 8 ಲೀಟರ್ ಟ್ಯಾಂಕಿನ ನೀರಿಗೆ 2 ಲೀಟರ್ ಆರ್‌ಓ ನೀರು ಸೇರಿಸಿದರೆ 35 ಇದ್ದದ್ದು 28 ಆಗುತ್ತದೆ. ಎರಡು ಗಂಟೆಯಲ್ಲಿ ಹನಿಹನಿಯಾಗಿ ಸೇರಿಸಿ, 24 ಗಂಟೆ ಬಿಡಿ, ಎರಡು ದಿನ ತೆಗೆದುಕೊಂಡು 35ಕ್ಕೆ ಮರಳಿಸಿ. ಹವಳಕ್ಕೆ ಮೈಯೊಳಗಿನ ಉಪ್ಪನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ನೀರು ಒಳಗೆ ನುಗ್ಗಿ ಮೊದಲು ಊದಿಕೊಳ್ಳುತ್ತದೆ. ಊದಿದ ಮಶ್ರೂಮ್ ನೋಡಿ "ಖುಷಿಯಾಗಿದೆ" ಅಂದುಕೊಳ್ಳುವುದು ಸುಲಭ.

ಒಂದು ಮರೆಯಬಾರದ ವಿಷಯ. ಆರ್‌ಓ ನೀರು ಸೇರಿಸಿದಾಗ ಉಪ್ಪಿನ ಜೊತೆ ಕ್ಷಾರವೂ ಇಳಿಯುತ್ತದೆ. 9 ಡಿಕೆಎಚ್ (ಕ್ಷಾರದ ಅಳತೆ) ಇದ್ದದ್ದು 7.2 ಆಗುತ್ತದೆ. ಅಡುಗೆ ಸೋಡಾ ಕರಗಿಸಿ ಅದನ್ನು ಮೊದಲಿನ ಮಟ್ಟಕ್ಕೆ ತಂದು, ಟೆಸ್ಟ್ ಕಿಟ್‌ನಿಂದ ನೋಡಿಕೊಳ್ಳಿ.

ಕರೆಂಟ್ ಹೋದಾಗ

ನಮ್ಮ ಕಡೆ ನಿಜವಾಗಿ ಹವಳ ಸಾಯುವುದು ಬಿಸಿಗಿಂತ ಇದರಿಂದಲೇ ಜಾಸ್ತಿ ಅಂತ ನನ್ನ ಅನಿಸಿಕೆ. 25 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 30 ಡಿಗ್ರಿಯದ್ದು ಸುಮಾರು 6.2. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡಿ ಖರ್ಚು ಮಾಡುತ್ತದೆ. ಹಾಗಾಗಿ ಹಗಲಿನ ನಾಲ್ಕು ಗಂಟೆಯ ಕರೆಂಟ್ ಕಟ್ ಬೇರೆ, ರಾತ್ರಿಯ ನಾಲ್ಕು ಗಂಟೆ ಬೇರೆ.

ಪರೀಕ್ಷೆ ಸರಳ. ರಾತ್ರಿ ದೀಪ ಆರಿದ ಮೇಲೆ ಒಂದು ಡಬ್ಬಿಯ ಏರ್ ಪಂಪ್ ಆರಿಸಿ. ಮೊದಲ ರಾತ್ರಿ ಎರಡು ಗಂಟೆ. ಮೂರು ದಿನ ಬಿಟ್ಟು ನಾಲ್ಕು ಗಂಟೆ. ಮತ್ತೆ ಮೂರು ದಿನ ಬಿಟ್ಟು ಆರು. ಅಷ್ಟೇ, ಮುಂದೆ ಹೋಗಬೇಡಿ. ಮರುದಿನ ಅರಳಲು ಎಷ್ಟು ತಡವಾಯಿತು ಬರೆದುಕೊಳ್ಳಿ. ಮೀನು, ಸಿಗಡಿ ಈ ಡಬ್ಬಿಯಲ್ಲಿ ಇರಲೇಬಾರದು, ಅವು ಹವಳಕ್ಕಿಂತ ಮೊದಲೇ ಹೋಗುತ್ತವೆ. ಈ ಪರೀಕ್ಷೆಯ ಆಮೇಲೆಯೇ ನಾನು ಬ್ಯಾಟರಿ ಏರ್ ಪಂಪ್ ತಂದದ್ದು.

ನಿಲ್ಲಿಸುವುದು ಯಾವಾಗ

ಮೂರರಲ್ಲಿ ಒಂದು ತುಂಡಾದರೂ ಕೊಳೆಯತೊಡಗಿದರೆ, ಅಂದರೆ ಅಂಚು ಕರಗಿ, ಬಿಳಿ ಬೂಸಿನಂಥದ್ದು ಕಟ್ಟಿ, ಕೆಟ್ಟ ವಾಸನೆ ಬಂದರೆ, ಅವತ್ತೇ ಪರೀಕ್ಷೆ ಮುಗಿಯಿತು. ಆ ತುಂಡನ್ನು ಗ್ಲೌಸ್ ಹಾಕಿ ತೆಗೆದು, ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ, ಉಳಿದವನ್ನು ದಿನಕ್ಕೆ 1 ಡಿಗ್ರಿಯಂತೆ ಇಳಿಸಿ. ಗಾಬರಿಯಾಗಿ ನೇರ 26ರ ನೀರಿಗೆ ಹಾಕಿದರೆ ಅದು ಇನ್ನೊಂದು ಪೆಟ್ಟು. ಏನೂ ಕೊಳೆಯದಿದ್ದರೂ ಅರಳಿದವುಗಳ ಎಣಿಕೆ ಸೊನ್ನೆಗೆ ಬಂದು ಎರಡು ದಿನ ಹಾಗೇ ಇದ್ದರೆ ನಿಲ್ಲಿಸಿ.

ಮುಗಿದ ಮೇಲೆ ನಾಲ್ಕು ವಾರ ನೋಡುತ್ತಾ ಇರಿ. ಬಿಸಿಯ ಪೆಟ್ಟು ಕೆಲವು ಸಲ ತಡವಾಗಿ ಕಾಣಿಸುತ್ತದೆ. ಅಷ್ಟರೊಳಗೆ ಪರೀಕ್ಷೆಯ ತುಂಡುಗಳನ್ನು ದೊಡ್ಡ ಟ್ಯಾಂಕಿಗೆ ಸೇರಿಸಬೇಡಿ, ಗೆಳೆಯರಿಗೆ ಕೊಡಬೇಡಿ, ಇನ್ನೊಂದು ಪರೀಕ್ಷೆಗಂತೂ ಹಾಕಲೇಬೇಡಿ. ಉಪ್ಪಿನ ಪರೀಕ್ಷೆಗೆ ಹೊಸ ಆರು ತುಂಡು ಬೇಕು.

ಡಬ್ಬಿಯ ನೀರಿಗೆ ಬ್ಲೀಚ್ ಹಾಕಿ ಒಂದು ದಿನ ಬಿಟ್ಟು ಬಚ್ಚಲಿಗೆ ಚೆಲ್ಲಿ. ಕರಾವಳಿಯವರು ಇದನ್ನು ಕಡ್ಡಾಯವಾಗಿ ಮಾಡಿ. ವೆನೆಜುವೆಲಾದ ತೀರದಲ್ಲಿ ಜೀನಿಯಾದ ಸಂಬಂಧಿಯೊಂದು ಹೊರಗಿನಿಂದ ಬಂದು ಅಲ್ಲಿನ ಹವಳಗಳ ಮೇಲೆ ಹಾಸಿಗೆ ಹಾಸಿದಂತೆ ಹರಡಿದೆ. ಅಕ್ವೇರಿಯಂ ವ್ಯಾಪಾರದಿಂದ ಹೋದದ್ದೇ ಅಂತ ಅಲ್ಲಿನವರ ನಂಬಿಕೆ.

ಈಗ ನನ್ನ ಟ್ಯಾಂಕಿನ ಜೋಡಣೆ ಬದಲಾಗಿದೆ. ದೀಪದ ನೇರ ಕೆಳಗೆ ಮಶ್ರೂಮ್, ಜೋವಾ ಒಂದು ಗೇಣು ಕೆಳಗೆ, ನೆರಳಿನ ಕಡೆ. ಮಾರ್ಚ್‌ನಿಂದ ಮೇವರೆಗೆ ದೀಪ ಮೂರು ಗಂಟೆ ಕಡಿಮೆ ಉರಿಯುತ್ತದೆ, ನೀರಿನ ಮೇಲೆ ಒಂದು ಟೇಬಲ್ ಫ್ಯಾನ್ ತಿರುಗುತ್ತಿರುತ್ತದೆ. ಬೆಂಗಳೂರಿನ ಒಣ ಗಾಳಿಗೆ ಅಷ್ಟರಲ್ಲೇ ಎರಡು ಡಿಗ್ರಿ ಇಳಿಯುತ್ತದೆ, ಮಂಗಳೂರಿನ ಸೆಕೆಯಲ್ಲಿ ಅದು ನಡೆಯಲ್ಲ. ಜೀನಿಯಾ ಮತ್ತೆ ತರಲಿಲ್ಲ.